ಎರಡನೆಯ ಗುಂಡು

"ಓಡಿದ್ದು ಯಾಕೆ ಅಂತ ಕೇಳಿದೆ. ನೆಲ ನೋಡ್ಲಿಕ್ಕೆ ಹೇಳ್ಲಿಲ್ಲ," ಎಂದಳು ವಾರಿಜಾಕ್ಷಿ.

ಆನ್ಸನ್ ನೆಲವನ್ನೇ ನೋಡಿದ. ಇಪ್ಪತ್ತು ವರ್ಷದ ಹುಡುಗ. ಅವನ ಕಾಲುಗಳು ಊಟದ ಮೇಜಿನ ಕೆಳಗೆ ಹಿಡಿಸದೆ ಎದುರಿನ ಕುರ್ಚಿಯನ್ನೂ ದಾಟಿ ಆಚೆ ಬಂದಿದ್ದವು. ನೂರು ಮೀಟರನ್ನು ಹತ್ತು ಮುಕ್ಕಾಲು ಸೆಕೆಂಡಿನಲ್ಲಿ ಮುಗಿಸುವ ಕಾಲುಗಳು. ಬಾಯಿ ಮಾತ್ರ ಮೂರು ದಿನದಿಂದ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಕಾಲೇಜಿನ ಶಿಸ್ತು ಸಮಿತಿ ಇವನ ವಿಚಾರಣೆಗೆಂದೇ ಕೂತಿದ್ದಾಗ ಎರಡು ಸಲ ಗುಂಡಿನ ಸದ್ದಾಗಿತ್ತು. ಮೂವರು ಪ್ರಾಧ್ಯಾಪಕರು ಮೇಜಿನ ಕೆಳಗೆ ಸೇರಿದ್ದರು. ಹೊರಗೆ ವರಾಂಡದ ಬೆಂಚಿನಲ್ಲಿದ್ದ ಆನ್ಸನ್ ಗೇಟಿನ ಕಡೆಗೆ ಓಡಿದ್ದನ್ನು ಅರ್ಧ ಕಾಲೇಜು ನೋಡಿತ್ತು.

ಗುಂಡಿನ ಸದ್ದಾಯಿತು, ಹುಡುಗ ಓಡಿದ. ಆದ್ದರಿಂದ ಗುಂಡು ಹಾರಿಸಿದ್ದು ಅವನೇ. ಸಮಿತಿಯ ಲೆಕ್ಕ ಇಷ್ಟೇ. ಕ್ರೀಡಾ ಕೋಣೆಯಲ್ಲಿರುವ ಸ್ಟಾರ್ಟರ್ ಪಿಸ್ತೂಲಿನ ಕಪಾಟಿಗೆ ಎರಡು ಬೀಗದಕೈ. ಒಂದು ದೈಹಿಕ ಶಿಕ್ಷಣ ನಿರ್ದೇಶಕರ ಬಳಿ, ಇನ್ನೊಂದು ತಂಡದ ನಾಯಕ ಆನ್ಸನ್ ಬಳಿ. ಇನ್ನೇನು ಬೇಕು?

ಇವತ್ತು ಮೂರೂವರೆಗೆ ಅವನಿಗೆ ಟಿಸಿ ಕೊಟ್ಟು ಕಳುಹಿಸುವುದೆಂದು ನಿರ್ಧಾರವಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಮಂಗಳಾ ಕ್ರೀಡಾಂಗಣದಲ್ಲಿ ವಿಶ್ವವಿದ್ಯಾಲಯದ ನೂರು ಮೀಟರ್ ಫೈನಲ್. ಕಾಲೇಜು ಇಲ್ಲದವನಿಗೆ ಅಲ್ಲಿ ಲೇನ್ ಇಲ್ಲ.

"ವಾರಿಜಾ ಬಾಯಿ, ಅವನು ಸಣ್ಣದರಿಂದ ಹೀಗೇ," ಎಂದು ಅಡಿಗೆಮನೆಯಿಂದ ಮಟಿಲ್ಡಾ ಕೂಗಿದಳು. ಆನ್ಸನ್‌ನ ತಾಯಿ, ಆಸ್ಪತ್ರೆಯಲ್ಲಿ ನರ್ಸ್. "ಬೇಡದ್ದು ಮಾಡ್ಲಿಕ್ಕೆ ಜೋರು. ಹೇಳ್ಲಿಕ್ಕೆ ಇಲ್ಲ."

ಬೇಡದ್ದು ಮಾಡುವುದರಲ್ಲಿ ಜೋರು ಎಂಬುದು ನಿಜವೇ. ಕಳೆದ ವಾರದ ಫುಟ್‌ಬಾಲ್ ಪಂದ್ಯದಲ್ಲಿ ಲೈನ್ಸ್‌ಮನ್ ನಾಲ್ಕನೆಯ ಸಲ ಆಫ್‌ಸೈಡ್ ಎಂದು ಬಾವುಟ ಎತ್ತಿದಾಗ, ಇವನು ಆ ಬಾವುಟವನ್ನು ಕಸಿದು, ತಾನು ನಿಂತಿದ್ದ ಜಾಗದಲ್ಲಿ ಊರಿ, "ಈಗ ಕಾಣ್ತದಾ?" ಎಂದು ಕೇಳಿದ್ದ. ಕೆಂಪು ಕಾರ್ಡು. ಮಂಗಳವಾರದ ವಿಚಾರಣೆ ಅದಕ್ಕೇ ಇತ್ತು.

ವಾರಿಜಾಕ್ಷಿಗೆ ತಾಳ್ಮೆ ಎನ್ನುವುದು ಹುಟ್ಟಿನಿಂದಲೇ ಕಡಿಮೆ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ, ಕೊನೆಗೆ ಒಬ್ಬ ಇನ್ಸ್‌ಪೆಕ್ಟರನ ಮುಖದ ಮೇಲೇ "ನಿಮಗೆ ತಲೆ ಇಲ್ಲ" ಎಂದು ಹೇಳಿ ಸ್ವಯಂ ನಿವೃತ್ತಿ ಪಡೆದವಳು. ಈಗ ತೊಕ್ಕೊಟ್ಟಿನಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ದುಬಾಯಿಯಲ್ಲಿ ಮ್ಯಾನೇಜರ್ ಎಂದು ಹೇಳಿ ಹೆಣ್ಣು ನೋಡಲು ಬರುವವರು ಅಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂದು ಪತ್ತೆ ಮಾಡಿ ಹೆಣ್ಣಿನ ಕಡೆಯವರಿಗೆ ಹೇಳುವುದು ಅವಳ ಉದ್ಯೋಗ. ಮಗನ ವಿಷಯಕ್ಕೆ ಮಟಿಲ್ಡಾ ಕರೆಸಿದ್ದು ಅವಳನ್ನೇ.

"ಕೊನೇ ಸಲ ಕೇಳ್ತೇನೆ. ಓಡಿದ್ದು ಯಾಕೆ?"

ಹುಡುಗ ಇನ್ನೂ ಬಗ್ಗಿ ಕೂತ.

ವಾರಿಜಾಕ್ಷಿ ಅಂಗೈ ಎತ್ತಿ ಮೇಜಿಗೆ ಒಂದು ಬಿಗಿದಳು. ಠಪ್ಪೆಂದಿತು. ನೀರಿನ ಲೋಟ ಹಾರಿ ಬಿತ್ತು.

ನೋಡಿದರೆ ಎದುರಿನ ಕುರ್ಚಿ ಖಾಲಿ.

ಬಾಗಿಲ ಪರದೆ ಅಲ್ಲಾಡುತ್ತಿತ್ತು. ಅಂಗಳದಲ್ಲಿ ಹೂಕುಂಡವೊಂದು ಉರುಳಿತು. ದೇರೆಬೈಲಿನ ಆ ಓಣಿಯ ಕೊನೆಯಲ್ಲಿ ನಾಯಿಯೊಂದು ಬೊಗಳಿತು.

ಹುರಿದ ಬಂಗುಡೆಯ ತಟ್ಟೆ ಹಿಡಿದು ಮಟಿಲ್ಡಾ ಹೊರಗೆ ಬಂದಳು. "ಮಗ ಎಲ್ಲಿ?"

"ಸದ್ದು ಕೇಳಿದ್ರೆ ಈಗ ನಾಲ್ಕನೆ ಮನೆ ಹತ್ತಿರ ಇರ್ಬೇಕು," ಎಂದಳು ವಾರಿಜಾಕ್ಷಿ.

ಅರ್ಧ ನಿಮಿಷದ ಮೇಲೆ ಆನ್ಸನ್ ಒಳಗೆ ಬಂದ. ತಲೆಯಲ್ಲಿ ಕ್ರೋಟನ್ ಎಲೆ ಸಿಕ್ಕಿಕೊಂಡಿತ್ತು. ಮುಖ ಅದಕ್ಕಿಂತ ಕೆಂಪಾಗಿತ್ತು.

"ಇನ್ನು ಕೇಳ್ಬೇಡಿ ಆಂಟಿ," ಎಂದ. "ಈಗ ಆದದ್ದೇ ಅವತ್ತೂ ಆದದ್ದು."

"ಬಿಡಿಸಿ ಹೇಳು."

"ಬೆಂಚಿನ ಹತ್ರ ಶೂ ಲೇಸ್ ಕಟ್ಲಿಕ್ಕೆ ಬಗ್ಗಿದ್ದೆ. ಒಂದು ಮೊಣಕಾಲು ನೆಲದಲ್ಲಿ, ಕೈ ಎರಡೂ ಕೆಳಗೆ. ಅಷ್ಟರಲ್ಲಿ ಗುಂಡು. ನಾನು ಆಲೋಚನೆ ಮಾಡ್ಲೇ ಇಲ್ಲ. ಕಾಲು ಹೋಯ್ತು."

"ಕಾಲು ಹೋಯ್ತು."

"ಹ್ಞಾಂ. ನಾನು ಕೂಡ ಹೋದೆ."

ಮಟಿಲ್ಡಾ ತಟ್ಟೆಯನ್ನು ಮೇಜಿನ ಮೇಲಿಟ್ಟು ನಿಟ್ಟುಸಿರುಬಿಟ್ಟಳು. "ಇದು ಸತ್ಯ. ಕ್ರಿಸ್ಮಸ್‌ಗೆ ಪಟಾಕಿ ಹೊಡೆದ್ರೆ ಇವನನ್ನು ಹುಡುಕ್ಲಿಕ್ಕೆ ರಿಕ್ಷಾ ಮಾಡ್ಬೇಕು."

"ಇದನ್ನು ಸಮಿತಿಗೆ ಹೇಳ್ಲಿಕ್ಕೆ ಎಂತ ಕಷ್ಟ ನಿಂಗೆ?"

"ನಗ್ತಾರಲ್ಲ ಆಂಟಿ."

"ಟಿಸಿ ಕೊಡುವಾಗ ಅಳ್ತಾರಾ ಮತ್ತೆ? ತಲೆಯಲ್ಲಿ ಎಂತ ಉಂಟು ಮಾರಾಯ, ಅದರಲ್ಲಿಯೂ ಸ್ನಾಯುವಾ?"

ಅವಳಿಗೆ ಸಿಟ್ಟಿನ ಜೊತೆ ಹಸಿವೂ ಆಗಿತ್ತು. ಒಂದು ಬಂಗುಡೆ ಎತ್ತಿಕೊಂಡಳು. ಈ ಮೊಕದ್ದಮೆಯಲ್ಲಿ ಮೊದಲ ದಿನದಿಂದ ಅವಳನ್ನು ಚುಚ್ಚುತ್ತಿದ್ದ ಇನ್ನೊಂದು ಸಂಗತಿಯಿತ್ತು. ಮೇಜಿನ ಕೆಳಗಿನಿಂದ ಎದ್ದ ಪ್ರಾಧ್ಯಾಪಕರು ಹೊರಗೆ ಬಂದು ನೋಡಿದಾಗ ಹುಡುಗ ಅದೇ ಬೆಂಚಿನಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಅವರು ಅದನ್ನು ಉದ್ಧಟತನ ಎಂದು ಬರೆದುಕೊಂಡಿದ್ದರು. ಗುಂಡು ಹಾರಿಸಿ ಓಡಿದವನು ವಾಪಸ್ ಬಂದು ಬೆಂಚಿನಲ್ಲಿ ಕೂರುವುದನ್ನು ಅವಳು ತನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ.

"ಓಡಿದವನು ವಾಪಸ್ ಬಂದದ್ದು ಯಾಕೆ?"

"ಎರಡನೆ ಗುಂಡು ಆಯ್ತಲ್ಲ."

"ಆದ್ರೆ?"

"ಎರಡನೆ ಗುಂಡು ಆದ್ರೆ ವಾಪಸ್ ಬರ್ಬೇಕು ಆಂಟಿ," ಎಂದ ಆನ್ಸನ್, ಇದೂ ಗೊತ್ತಿಲ್ಲವೇ ಎಂಬಂತೆ. "ಯಾರಾದ್ರೂ ಮೊದಲೇ ಓಡಿದ್ರೆ ಸ್ಟಾರ್ಟರ್ ಇನ್ನೊಂದು ಹಾರಿಸ್ತಾರೆ. ಫಾಲ್ಸ್ ಸ್ಟಾರ್ಟ್. ಎಲ್ರೂ ಲೈನಿಗೆ ವಾಪಸ್."

ವಾರಿಜಾಕ್ಷಿ ಬಂಗುಡೆಯನ್ನು ತಟ್ಟೆಗೆ ಹಾಕಿದಳು. ಅರ್ಧ ತಿಂದ ಮೀನನ್ನು ಅವಳು ಕೆಳಗಿಡುವುದು ಅಪರೂಪ.

ಕಿಡಿಗೇಡಿಯೊಬ್ಬ ಸಮಿತಿಯನ್ನು ಹೆದರಿಸಲು ಎರಡು ಗುಂಡು ಹಾರಿಸಿದ ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಎರಡನೆಯದು ಹೆದರಿಸಲು ಹಾರಿದ್ದಲ್ಲ. ಓಡುವ ಹುಡುಗನನ್ನು ನೋಡಿ, ಅವನನ್ನು ವಾಪಸ್ ಕರೆಯಲು ಹಾರಿದ್ದು. ಮನುಷ್ಯನನ್ನು ಗುಂಡು ಹಾರಿಸಿ ವಾಪಸ್ ಕರೆಯುವ ಅಭ್ಯಾಸ ಇಡೀ ಕಾಲೇಜಿನಲ್ಲಿ ಒಬ್ಬರಿಗೇ ಇತ್ತು.

"ಹೆಲ್ಮೆಟ್ ಹಾಕು," ಎಂದಳು. "ಮಟಿಲ್ಡಾ ಬಾಯಿ, ನೀವು ರಿಕ್ಷಾದಲ್ಲಿ ಬನ್ನಿ. ಮೀನು ಮುಚ್ಚಿಡಿ, ನಾನು ಬಂದು ತಿನ್ತೇನೆ."

* * *

ಸರ್ವೋತ್ತಮ ಮಾಸ್ಟ್ರು ಕ್ರೀಡಾ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಇದೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಮಾರ್ಚಿಗೆ ನಿವೃತ್ತಿ. ಕೊರಳಲ್ಲಿ ಸೀಟಿ. ಮದುವೆ ಊಟಕ್ಕೆ ಹೋದರೂ ಆ ಸೀಟಿ ಇರುತ್ತದೆ, ಮೊದಲ ಪಂಕ್ತಿ ಏಳುವುದು ತಡವಾದರೆ ಊದುವವರೆಗೆ ಹೋಗಿದ್ದಾರೆ ಎಂದು ಹೇಳುವವರಿದ್ದಾರೆ.

ವಾರಿಜಾಕ್ಷಿ ಒಳಗೆ ಹೋಗುವ ಮೊದಲು ಆನ್ಸನ್‌ನನ್ನು ಹೊರಗಿನ ಮೆಟ್ಟಿಲಿನ ಬಳಿ ನಿಲ್ಲಿಸಿದಳು. ಕಿಟಕಿಯಿಂದ ಚೆನ್ನಾಗಿ ಕಾಣುವ ಜಾಗ.

"ಇಲ್ಲಿ ಬಗ್ಗಿ ಲೇಸ್ ಕಟ್ತಾ ಇರು."

"ಕಟ್ಟಿ ಆಗಿದೆ."

"ಬಿಚ್ಚಿ ಕಟ್ಟು."

"ಓಡ್ಬೇಕಾ ಆಂಟಿ?"

"ಓಡ್ಬೇಡ. ಗೊತ್ತಾಯ್ತಾ? ಎಂತ ಆದ್ರೂ ಓಡ್ಬೇಡ."

ಒಳಗೆ ಹೋಗಿ, ಕೇಳದೆಯೇ ಒಂದು ಹಳೆಯ ಜಿಗಿತದ ಪೆಟ್ಟಿಗೆಯ ಮೇಲೆ ಕೂತಳು. ಪಕ್ಕದಲ್ಲಿ ಕಬ್ಬಿಣದ ಕಪಾಟು.

"ಮಾಸ್ಟ್ರೇ, ಮಂಗಳವಾರ ಮೂರು ಗಂಟೆಗೆ ಎಲ್ಲಿದ್ರಿ?"

"ನಾನಾ? ಬೈಕಂಪಾಡಿಯಲ್ಲಿ. ಟ್ರೋಫಿಗೆ ಹೆಸರು ಕೆತ್ತಿಸ್ಲಿಕ್ಕೆ ಹೋದದ್ದು." ಉತ್ತರ ತಟ್ಟನೆ ಬಂತು.

"ಸಮಿತಿಗೂ ಅದನ್ನೇ ಹೇಳಿದ್ದೀರಿ. ಆ ವರ್ಕ್‌ಶಾಪಿನವನಿಗೆ ಫೋನ್ ಮಾಡಿದೆ. ನೀವು ಬಂದದ್ದು ಬುಧವಾರ ಅಂತೆ."

"ಅವನಿಗೆ ವಾರ ಗೊತ್ತಿಲ್ಲ ಮಾರಾಯ್ರೆ. ಕಳೆದ ವರ್ಷ ಗುಂಡೆಸೆತದ ಕಪ್ಪಿಗೆ ಭರತನಾಟ್ಯ ಅಂತ ಕೆತ್ತಿದ್ದ."

"ಪಿಸ್ತೂಲು?"

"ಕಪಾಟಿನಲ್ಲಿ ಉಂಟು. ಬೀಗ ಉಂಟು. ರಿಜಿಸ್ಟರ್ ಉಂಟು. ರಿಜಿಸ್ಟರಿನಲ್ಲಿ ಪ್ರಿನ್ಸಿಪಾಲರ ಸೈನ್ ಇಲ್ಲದೆ ತೆಗೀಲಿಕ್ಕೆ ಇಲ್ಲ. ಸೈನ್ ಇಲ್ಲ. ಅಂದ್ರೆ ತೆಗೀಲಿಲ್ಲ." ಮಾಸ್ಟ್ರು ಬಲಗೈಯಲ್ಲಿ ಚಹಾ ಎತ್ತಿಕೊಂಡರು. "ನನ್ನ ಮೇಲೆ ಎಂತ ಸಂಶಯ ವಾರಿಜಕ್ಕ? ಆ ಹುಡುಗನನ್ನು ಎಂಟನೆ ಕ್ಲಾಸಿನಿಂದ ತಯಾರು ಮಾಡಿದ್ದು ನಾನು. ಅವನಿಗೆ ಟಿಸಿ ಅಂತ ಕೇಳಿ ನಂಗೆ ಮೂರು ದಿನದಿಂದ ಊಟ ಸೇರುದಿಲ್ಲ."

ಅವರ ಅಂಗಿಯ ಮೇಲೆ ಖಾರಸೇವಿನ ಪುಡಿ ಇತ್ತು.

ವಾರಿಜಾಕ್ಷಿ ಕಪಾಟಿನ ಬಾಗಿಲಿಗೆ ಚಪ್ಪಲಿಕಾಲಿನಿಂದ ಬಲವಾಗಿ ಒಂದು ಒದ್ದಳು.

ಢಮ್!

ಕಿಟಕಿಯಾಚೆ ಆನ್ಸನ್ ಹೊರಟುಹೋದ.

ಅವಳು ಅವನ ಕಡೆ ನೋಡಲಿಲ್ಲ. ಮಾಸ್ಟ್ರ ಬಲಗೈ ನೋಡುತ್ತಿದ್ದಳು. ಆ ಕೈ ಚಹಾದ ಗ್ಲಾಸಿನ ಸಮೇತ ನೆಟ್ಟಗೆ ಮೇಲೆ ಹೋಯಿತು. ಎಡಗೈ ಎಡಕಿವಿ ಮುಚ್ಚಿತು. ಗ್ಲಾಸಿನ ಮೇಲಿದ್ದ ತೋರುಬೆರಳು ಇಲ್ಲದ ಪಿಸ್ತೂಲಿನ ಕುದುರೆಯನ್ನು ಹುಡುಕಿ ಎಳೆಯಿತು. ಚಹಾ ಪೂರ್ತಿ ತೋಳಿನೊಳಗೆ ಇಳಿದು ಬಗಲಿನಿಂದ ಹೊರಗೆ ಬಂತು.

"ಅಯ್ಯೋ ಬಿಸಿ!" ಎಂದು ಕಿರುಚಬೇಕಾದವರು, ಕಿರುಚಿದ್ದು, "ವಾಪಸ್! ಫಾಲ್ಸ್!"

ಆಗಲೇ ಗೋಲ್ ಕಂಬ ದಾಟಿದ್ದ ಹುಡುಗ ತಲೆ ತಗ್ಗಿಸಿ ವಾಪಸ್ ನಡೆದು ಬಂದ.

ಮಾಸ್ಟ್ರ ಅಂಗಿಯಿಂದ ಚಹಾ ತೊಟ್ಟಿಕ್ಕುವುದು ಕೇಳುತ್ತಿತ್ತು.

"ರಿಜಿಸ್ಟರಿನಲ್ಲಿ ಸೈನ್ ಇಲ್ಲ," ಎಂದಳು ವಾರಿಜಾಕ್ಷಿ. "ಆದರೆ ಕೈಯಲ್ಲಿ ಉಂಟು."

ಮಾಸ್ಟ್ರು ಕುಸಿದು ಚೆಂಡುಗಳ ಚೀಲದ ಮೇಲೆ ಕೂತರು.

"ಪಿಸ್ತೂಲು ಟೆಸ್ಟ್ ಮಾಡ್ಲಿಕ್ಕೆ ತೆಗ್ದದ್ದು," ಎಂದರು. ದನಿ ಸಣ್ಣಗಾಗಿತ್ತು, ಅವರ ದನಿಯನ್ನು ಸಣ್ಣಗೆ ಕೇಳಿದವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ. "ಆ ಗುಡ್ಡೆ ಬದಿಯ ಮೂಲೆಯಲ್ಲಿ ಒಬ್ಬನೇ ನಿಂತು, ಕೈ ಎತ್ತಿ, 'ಸೆಟ್' ಅಂತ ಹೇಳಿದ್ದೆ. ಕುದುರೆ ಎಳೀಲಿಲ್ಲ. ದೇವರಾಣೆ ಎಳೀಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಢಂ ಅಂತ ಆಯ್ತು. ನೋಡಿದ್ರೆ ಆನ್ಸನ್ ವರಾಂಡದಿಂದ ಹೊರಟಿದ್ದಾನೆ. ನನ್ನ ಗುಂಡು ಹಾರುವ ಮೊದಲೇ ಹುಡುಗ ಓಡಿದ್ರೆ ಅದು ಎಂತ?"

"ಫಾಲ್ಸ್ ಸ್ಟಾರ್ಟ್."

"ಅಷ್ಟೇ. ಕೈ ಹಾರಿಸಿಯೇ ಬಿಟ್ಟಿತು."

"ಅವನ ಕಾಲು, ನಿಮ್ಮ ಕೈ. ತಲೆ ಇಬ್ಬರಿಗೂ ಇಲ್ಲ." ವಾರಿಜಾಕ್ಷಿ ಎದ್ದು ನಿಂತಳು. ಸಿಟ್ಟು ನೆತ್ತಿಗೇರಿತ್ತು. "ಮೂರು ದಿನ ಸುಮ್ನೆ ಕೂತದ್ದು ಯಾಕೆ? ಆ ಮಗುವಿನ ತಾಯಿ ನೈಟ್ ಡ್ಯೂಟಿ ಮಾಡಿ ಬಂದು ಅಳ್ತಾ ಮೀನು ಹುರೀತಾಳೆ. ನೀವು ಇಲ್ಲಿ ಸೇವು ತಿಂತೀರಿ!"

"ನಾಳೆ ನಾನು ಚೀಫ್ ಸ್ಟಾರ್ಟರ್, ವಾರಿಜಕ್ಕ," ಎಂದರು ಮಾಸ್ಟ್ರು. ಕಣ್ಣು ತುಂಬಿತ್ತು. "ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕರೆದದ್ದು. ಸೈನ್ ಹಾಕದೆ ಪಿಸ್ತೂಲು ತೆಗ್ದೆ ಅಂತ ಗೊತ್ತಾದ್ರೆ ಮೆಮೊ. ಮೆಮೊ ಇದ್ದವನಿಗೆ ಪಿಸ್ತೂಲು ಕೊಡುದಿಲ್ಲ."

"ಸರಿ. ನಾಳೆ ಹಾರಿಸ್ಲಿಕ್ಕೆ ನೀವು. ಓಡ್ಲಿಕ್ಕೆ ಯಾರು? ಶಿಸ್ತು ಸಮಿತಿಯ ಎಸ್ತೆರ್ ಮೇಡಮಾ?"

ಮಾಸ್ಟ್ರು ಕಿಟಕಿಯಾಚೆ ನೋಡಿದರು. ಆನ್ಸನ್ ಮೆಟ್ಟಿಲಿನ ಮೇಲೆ ಕೂತು ಮತ್ತೆ ಲೇಸ್ ಕಟ್ಟುತ್ತಿದ್ದ, ಯಾರೋ ಹೇಳಿದ್ದನ್ನು ತಪ್ಪದೆ ಮಾಡುವವನಂತೆ. ಅವರು ಎದ್ದರು, ಕಪಾಟು ತೆರೆದು ಪಿಸ್ತೂಲನ್ನು ಅದರ ಚೀಲದ ಸಮೇತ ತೆಗೆದುಕೊಂಡರು.

"ನಡೀರಿ. ಮೆಮೊ ಬಂದ್ರೆ ಬರ್ಲಿ."

* * *

ಉಪಪ್ರಾಂಶುಪಾಲೆ ಎಸ್ತೆರ್ ಮೇಡಂ ಶಿಸ್ತು ಸಮಿತಿಯ ಅಧ್ಯಕ್ಷೆ. ರಸಾಯನಶಾಸ್ತ್ರದವರು. ನಗುವುದು ಪ್ರಯೋಗಾಲಯದ ನಿಯಮಕ್ಕೆ ವಿರುದ್ಧ ಎಂದು ನಂಬಿದಂತಿದ್ದರು. ಅವರ ಅಕ್ಕಪಕ್ಕ ಇನ್ನಿಬ್ಬರು ಪ್ರಾಧ್ಯಾಪಕರು. ಟಿಸಿ ಟೈಪಾಗಿ ಮೇಜಿನ ಮೇಲಿತ್ತು. ಸಹಿ ಮಾತ್ರ ಬಾಕಿ.

ಮಾಸ್ಟ್ರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮಧ್ಯದಲ್ಲಿ ಕೈ ಎತ್ತಿ ತೋರಿಸಿದಾಗ ಇಬ್ಬರು ಪ್ರಾಧ್ಯಾಪಕರು ಸ್ವಲ್ಪ ಕೆಳಗೆ ಸರಿದರು.

"ಅಂದರೆ ನಾವು ಸುಮ್ಮನೆ ಹೆದರಿದ್ದು ಅಂತ ನೀವು ಹೇಳುವುದಾ?" ಎಂದರು ಎಸ್ತೆರ್ ಮೇಡಂ. "ನಾವು ಹೆದರಲಿಲ್ಲ. ನನ್ನ ಪೆನ್ನು ಕೆಳಗೆ ಬಿದ್ದಿತ್ತು."

"ಒಂದು ಪೆನ್ನು ಹುಡುಕ್ಲಿಕ್ಕೆ ಮೂರು ಜನವಾ ಮೇಡಂ?" ಎಂದಳು ವಾರಿಜಾಕ್ಷಿ.

ಮೇಡಂ ಟಿಸಿಯನ್ನು ತೆಗೆದು ಅಡ್ಡಲಾಗಿ ಹರಿದರು. ಬಾವುಟ ಊರಿದ್ದಕ್ಕೆ ಎರಡು ಪಂದ್ಯ ಹೊರಗೆ. ಓಟಕ್ಕೆ ಅಡ್ಡಿಯಿಲ್ಲ ಎಂದು ಕೈಬರಹದಲ್ಲೇ ಒಂದು ಪತ್ರ ಬರೆದು, ಸೀಲು ಒತ್ತಿ, ಆನ್ಸನ್‌ಗೆ ಕೊಟ್ಟರು. "ಮೊದಲನೆಯದು ಯಾರೋ ಹೊಡೆದ ಪಟಾಕಿ ಇರಬೇಕು. ಫೈಲ್ ಮುಗಿಯಿತು. ಹೋಗು. ಓಡಬೇಡ, ನಡೆದುಕೊಂಡು ಹೋಗು."

"ಥ್ಯಾಂಕ್ಯೂ ಮೇಡಂ!" ಎಂದವನು ಬಾಗಿಲವರೆಗೆ ನಡೆದ. ಆಮೇಲಿನದು ಕಾಣಲಿಲ್ಲ.

ವಾರಿಜಾಕ್ಷಿಗೆ ಕಾಲು ನೋಯುತ್ತಿತ್ತು. ಕಪಾಟು ಒದ್ದದ್ದು ಸ್ವಲ್ಪ ಜೋರಾಗಿತ್ತು. ಕೋಣೆಯ ಮೂಲೆಗೆ ತಳ್ಳಿದ್ದ ಎತ್ತರದ ಬೆನ್ನಿನ ರೆಕ್ಸಿನ್ ಕುರ್ಚಿ ಕಂಡಿತು. ಹೋಗಿ ಧೊಪ್ಪೆಂದು ಕೂತು ಹಿಂದಕ್ಕೆ ಒರಗಿದಳು.

ಬೆನ್ನಿಗೆ ಏನೋ ಚುಚ್ಚಿತು.

ಎದ್ದು ಕುರ್ಚಿಯನ್ನು ತಿರುಗಿಸಿದಳು. ಹಿಂಬದಿಯ ರೆಕ್ಸಿನಿನಲ್ಲಿ ಕಿರುಬೆರಳು ಹೋಗುವಷ್ಟು ದೊಡ್ಡ ತೂತು. ಅಂಚು ಒಳಮುಖವಾಗಿ ಮಡಚಿತ್ತು. ತಲೆಯಿಂದ ಪಿನ್ನು ತೆಗೆದು ಒಳಗೆ ಕೆದಕಿದಳು. ಸ್ಪಂಜಿನ ಚೂರು, ಸೀಳಿದ ಹಲಗೆಯ ಚೂರು; ಅದರ ಹಿಂದೆಯೇ ಅಂಗೈಗೆ ಉರುಳಿ ಬಿದ್ದದ್ದು, ತುದಿ ಚಪ್ಪಟೆಯಾದ ಒಂದು ಸೀಸದ ಗುಂಡು.

ಇಪ್ಪತ್ತೆರಡು ವರ್ಷದ ಪೊಲೀಸ್ ಕೆಲಸದಲ್ಲಿ ಇಂಥದ್ದನ್ನು ಅವಳು ಮೂರೇ ಸಲ ಕಂಡಿದ್ದಳು. ಮೂರು ಸಲವೂ ಪಕ್ಕದಲ್ಲಿ ಹೆಣ ಇತ್ತು.

"ಮಾಸ್ಟ್ರೇ, ನಿಮ್ಮ ಪಿಸ್ತೂಲಿನಿಂದ ಎಂತ ಹೊರಗೆ ಬರ್ತದೆ?"

"ಸದ್ದು. ಸ್ವಲ್ಪ ಹೊಗೆ. ಮತ್ತೆ ಎಂತ ಇಲ್ಲ." ಮಾಸ್ಟ್ರು ಹತ್ತಿರ ಬಂದು ಅಂಗೈ ನೋಡಿ ಅಲ್ಲೇ ನಿಂತರು.

"ಮೇಡಂ, ಮಂಗಳವಾರ ಈ ಕುರ್ಚಿ ಎಲ್ಲಿತ್ತು?"

"ಮೇಜಿನ ಈ ಬದಿ. ನಮಗೆ ಎದುರಾಗಿ." ಎಸ್ತೆರ್ ಮೇಡಂ ದನಿಯಲ್ಲಿ ಮೊದಲ ಬಾರಿಗೆ ಅಳುಕಿತ್ತು. "ಬೆನ್ನು ಆ ಹಿಂದಿನ ಕಿಟಕಿಗೆ. ಸೆಕೆಗೆ ಕಿಟಕಿ ತೆರೆದಿತ್ತು."

"ಯಾರು ಕೂತಿದ್ರು?"

"ಯಾರೂ ಇಲ್ಲ. ಅದು ಹುಡುಗನಿಗೆ ಇಟ್ಟದ್ದು. ಮೂರು ಗಂಟೆಗೆ ಸರಿಯಾಗಿ ಒಳಗೆ ಕರೆಯುವುದು ಅಂತ ನೋಟಿಸ್ ಬೋರ್ಡಿನಲ್ಲೂ ಹಾಕಿದ್ದೆವು."

"ಮೂರು ಗಂಟೆಗೆ ಕರೀಲಿಲ್ಲ ಯಾಕೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ತೀರ ಬದಿಯಲ್ಲಿದ್ದ ಪ್ರಾಧ್ಯಾಪಕರು ಗಂಟಲು ಸರಿಮಾಡಿಕೊಂಡರು.

"ಗೋಳಿಬಜೆ ಬಂದಿತ್ತು. ಬಿಸಿ ಇತ್ತು. ತಿಂದು ಕರೆಯುವ ಅಂತ..."

ಎತ್ತರದ ಬೆನ್ನಿನ ಕುರ್ಚಿ. ಕಿಟಕಿಯಾಚೆ ನಿಂತವನಿಗೆ ಅದರಲ್ಲಿ ಹುಡುಗ ಕೂತಿದ್ದಾನೋ ಇಲ್ಲವೋ ಕಾಣುವುದಿಲ್ಲ. ಹೊರಗಿದ್ದವನು ಗಡಿಯಾರ ನೋಡಿ ಗುಂಡು ಹಾರಿಸಿದ್ದ. ಕಾಲೇಜಿನ ಕಣ್ಣೆಲ್ಲ ಈಚೆ ಗೇಟಿನ ಕಡೆ ಓಡುವವನ ಮೇಲೆ ಇದ್ದಾಗ, ಆಚೆಯಿಂದ ನಿಧಾನವಾಗಿ ನಡೆದುಹೋಗಿದ್ದ.

ವಾರಿಜಾಕ್ಷಿ ಆಗಲೇ ಫೋನ್ ಒತ್ತುತ್ತಿದ್ದಳು. ಆನ್ಸನ್‌ನ ಫೋನಿನಲ್ಲಿ ಮಾತಾಡಿದ್ದು ಮಟಿಲ್ಡಾ. ಅಳುತ್ತಾ ನಗುತ್ತಿದ್ದಳು.

"ವಾರಿಜಾ ಬಾಯಿ! ಗೇಟಿನಲ್ಲಿ ಪತ್ರ ತೋರಿಸಿದ! ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು."

"ಅವನಿಗೆ ಕೊಡಿ ಫೋನ್. ಬೇಗ."

"ಇಲ್ಲಿ ಇಲ್ಲ ಅಲ್ವಾ. ಕಿಸೆಯಲ್ಲಿ ಭಾರ ಆಗ್ತದೆ ಅಂತ ಫೋನ್ ನನ್ನ ಬ್ಯಾಗಲ್ಲೇ ಹಾಕಿ ಓಡಿದ. ಸರ್ವೋತ್ತಮ ಮಾಸ್ಟ್ರು ಫೋನ್ ಮಾಡಿ ಕರೆದ್ರಂತೆ. ಅಂಗಿ ಒದ್ದೆ ಆಗಿ ಅವರಿಗೆ ಪಾಪ ಶೀತ ಆಗಿದೆಯಂತೆ, ದನಿಯೇ ಗುರ್ತ ಸಿಗ್ಲಿಲ್ಲ ಅಂದ."

ವಾರಿಜಾಕ್ಷಿ ತಿರುಗಿ ನೋಡಿದಳು. ಸರ್ವೋತ್ತಮ ಮಾಸ್ಟ್ರು ಅವಳಿಂದ ಎರಡು ಹೆಜ್ಜೆ ದೂರದಲ್ಲಿ, ಒದ್ದೆ ಅಂಗಿಯಲ್ಲಿ, ಪಿಸ್ತೂಲಿನ ಚೀಲವನ್ನು ಎದೆಗೊತ್ತಿ ನಿಂತಿದ್ದರು.

"ಎಲ್ಲಿಗೆ ಕರೆದದ್ದು ಬಾಯಿ?"

"ಸ್ಟೇಡಿಯಮ್ಮಿಗೆ. ನಾಳೆಗೆ ಸ್ಟಾರ್ಟ್ ಪ್ರಾಕ್ಟಿಸ್ ಮಾಡಿಸ್ತಾರಂತೆ. ಒಬ್ಬನೇ ಬಾ, ಬೇರೆ ಎಂತ ತರ್ಬೇಡ ಅಂದ್ರಂತೆ." ಮಟಿಲ್ಡಾ ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿತು. "ಪಿಸ್ತೂಲು ಅವರೇ ತರ್ತಾರಂತೆ."